ಆಡಿದವರ ಮಾತು ಏಕೆ ತಾಳೆಯಾಗುವುದಿಲ್ಲ: ಚಿತ್ರದುರ್ಗದ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ 'ಸೆಲೆಸ್ಟ್' ಎಂಬ ವಿಡಿಯೋ ಗೇಮ್ ಕುರಿತು ದಾವಣಗೆರೆ ಮತ್ತು ಚಿತ್ರದುರ್ಗದ ಆಟಗಾರರು ಬರೆದ ಅಭಿಪ್ರಾಯಗಳನ್ನು ಓದಿ ತಾವು ಬರೆದ ಪತ್ರ ಕೈಸೇರಿದೆ. ಪತ್ರ ದೀರ್ಘವಾಗಿರುವುದರಿಂದ ಅದರ ಸಾರವನ್ನು ಇತರ ಓದುಗರಿಗಾಗಿ ಮೊದಲು ಹೇಳುತ್ತೇನೆ. ಒಬ್ಬರು ಕಥೆ ತಮ್ಮನ್ನು ಕಲಕಿತು ಎನ್ನುತ್ತಾರೆ, ಮತ್ತೊಬ್ಬರು ಕಥೆಯೇ ಆಟಕ್ಕೆ ಅಡ್ಡಿ ಎನ್ನುತ್ತಾರೆ. ಹೀಗೆ ಪರಸ್ಪರ ವಿರುದ್ಧವಾದ ಮಾತುಗಳನ್ನು ಅಕ್ಕಪಕ್ಕದಲ್ಲಿ ಅಚ್ಚು ಹಾಕಿ, ಯಾವುದು ಸರಿ ಎಂದು ಹೇಳದೆ ಬಿಟ್ಟದ್ದು ಸಂಪಾದಕರಿಗೆ ತಕ್ಕದ್ದಲ್ಲ ಎಂಬುದು ತಮ್ಮ ಮೊದಲ ಆಕ್ಷೇಪ. ಬಹುಕಾಲ ಪ್ರೌಢಶಾಲೆಯ ಮಕ್ಕಳಿಗೆ ಕಥೆ ಕಲಿಸಿದವರಾಗಿ, ಒಬ್ಬ ಹುಡುಗಿ ಒಂದೇ ಗೋಡೆಯಿಂದ ನೂರಾರು ಸಲ ಬಿದ್ದು ಸಾಯುವುದನ್ನು ಕಥೆ ಎಂದು ಒಪ್ಪಲಾರೆ ಎಂಬುದು ಎರಡನೆಯದು. ಆಟವನ್ನು ಸುಲಭ ಮಾಡಿಕೊಳ್ಳುವ ಅಸಿಸ್ಟ್ ಮೋಡ್ ಎಂಬ ಸೌಲಭ್ಯ ಹಾಕಿಕೊಂಡು ಆಡಿದವರ ಅಭಿಪ್ರಾಯಕ್ಕೂ ಸಮಾನ ಜಾಗ ಕೊಟ್ಟದ್ದೇಕೆ, ನಿಯಮವನ್ನೇ ಸಡಿಲಿಸಿಕೊಂಡು ಗೆದ್ದವರ ಮಾತಿಗೆ ಏನು ಬೆಲೆ ಎಂಬುದು ಮೂರನೆಯದು. ಕನ್ನಡದಲ್ಲೇ ಇಲ್ಲದ ಆಟಕ್ಕೆ ಕನ್ನಡ ಪತ್ರಿಕೆಯಲ್ಲಿ ಇಷ್ಟು ಪುಟಗಳೇಕೆ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ.

ಉತ್ತರಕ್ಕೆ ಮೊದಲು ಒಂದು ಮಾತು. ತಾವು ಈ ಆಟವನ್ನು ದೂರದಿಂದ ನೋಡಿ ಬರೆದವರಲ್ಲ. ಮೊಮ್ಮಗನ ಲ್ಯಾಪ್‌ಟಾಪಿನ ಮುಂದೆ ಕುಳಿತು, ಅವನ ಕಂಟ್ರೋಲರ್ ಹಿಡಿದು, ಮೊದಲ ಅಧ್ಯಾಯ ಮುಗಿಸಿ, ಎರಡನೆಯದರಲ್ಲಿ ಎಲ್ಲಿ ಕೈಬಿಟ್ಟಿರಿ, ಏಕೆ ಕೈಬಿಟ್ಟಿರಿ ಎಂಬುದನ್ನು ಎಂಟು ಹತ್ತು ಸಾಲುಗಳಲ್ಲಿ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ಆ ಸಾಲುಗಳು. ನನ್ನ ಉತ್ತರವೂ ಅಲ್ಲಿಂದಲೇ ಹೊರಡುತ್ತದೆ.

ಆಟದ ಪರಿಚಯವಿಲ್ಲದವರಿಗಾಗಿ ಕೆಲವು ವಿವರಗಳು. 'ಸೆಲೆಸ್ಟ್' ಬಿಡುಗಡೆಯಾದದ್ದು 2018ರ ಜನವರಿಯಲ್ಲಿ. ದೊಡ್ಡ ಕಂಪನಿಯ ಹಣವಿಲ್ಲದೆ ಸಣ್ಣ ತಂಡ ತಾನಾಗಿ ಮಾಡಿದ ಇಂಡೀ ಆಟ ಅದು. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರ್ರಿ ಎಂಬಿಬ್ಬರು ನಾಲ್ಕು ದಿನಗಳಲ್ಲಿ ಕಟ್ಟಿದ ಒಂದು ಪುಟ್ಟ ಆಟವೇ ಮುಂದೆ ಬ್ರೆಜಿಲ್‌ನ ಚಿತ್ರಕಾರರ, ಸಂಗೀತಗಾರ್ತಿ ಲೀನಾ ರೇನ್ ಅವರ ಸಹಾಯದಿಂದ ಇಷ್ಟಾಗಿ ಬೆಳೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ 'ದಿ ಗೇಮ್ ಅವಾರ್ಡ್ಸ್' ಸಮಾರಂಭದಲ್ಲಿ ಅತ್ಯುತ್ತಮ ಇಂಡೀ ಆಟದ ಪ್ರಶಸ್ತಿ ಪಡೆಯಿತು. ಆತಂಕ ಮತ್ತು ಖಿನ್ನತೆಯಿಂದ ಬಳಲುತ್ತಿರುವ ಮ್ಯಾಡಲೀನ್ ಎಂಬ ತರುಣಿ ಸೆಲೆಸ್ಟ್ ಎಂಬ ಪರ್ವತವನ್ನು ಹತ್ತಲು ಹೊರಡುತ್ತಾಳೆ. ಅವಳಿಗೆ ಬರುವ ವಿದ್ಯೆ ಮೂರೇ: ನೆಗೆಯುವುದು, ನೆಗೆದಾಗ ಗಾಳಿಯಲ್ಲೇ ಒಮ್ಮೆ ಬೇಕಾದ ದಿಕ್ಕಿಗೆ ರಭಸದಿಂದ ಚಿಮ್ಮುವುದು, ಕೈ ಸೋಲುವವರೆಗೆ ಗೋಡೆ ಹಿಡಿದು ಏರುವುದು. ಚಿಮ್ಮುವುದಕ್ಕೆ ಆಟಗಾರರು ಡ್ಯಾಶ್ ಎನ್ನುತ್ತಾರೆ. ಡ್ಯಾಶ್ ಉಳಿದಿದ್ದರೆ ಅವಳ ಕೂದಲು ಕೆಂಪು, ಮುಗಿದರೆ ನೀಲಿ, ಕಾಲು ನೆಲ ಸೋಕಿದೊಡನೆ ಮತ್ತೆ ಕೆಂಪು. ಮುಳ್ಳು ತಗುಲಿದರೆ ಅಥವಾ ಪ್ರಪಾತಕ್ಕೆ ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಪರದೆಯ ಆರಂಭದಲ್ಲಿ ನಿಂತಿರುತ್ತಾಳೆ.

ನಮಗೆ ಬಂದ ಅಭಿಪ್ರಾಯಗಳಲ್ಲಿ ಹೆಚ್ಚಿನವು ಕಥೆಗೆ ಇಷ್ಟು, ಆಟಕ್ಕೆ ಇಷ್ಟು, ಸಂಗೀತಕ್ಕೆ ಇಷ್ಟು ಎಂದು ಅಂಕ ಹಂಚಿದ್ದವು. ತಮ್ಮ ಪತ್ರವೂ ಕಥೆಯನ್ನು ಒಂದು ಕಡೆ, ಬೀಳುವುದನ್ನು ಇನ್ನೊಂದು ಕಡೆ ಇಟ್ಟು ತೂಗುತ್ತದೆ. ಈ ವಿಂಗಡಣೆಯನ್ನು ನಾನು ಒಪ್ಪುವುದಿಲ್ಲ. ನೆಗೆಯುತ್ತ, ಹತ್ತುತ್ತ ಮುಂದೆ ಸಾಗುವ ಈ ಪ್ಲಾಟ್‌ಫಾರ್ಮ್ ಜಾತಿಯ ಆಟಗಳಲ್ಲಿ, ಅವು ಒಳ್ಳೆಯವಾಗಿದ್ದರೆ, ಕಥೆಯ ಮುಖ್ಯಭಾಗ ಪಾತ್ರಗಳ ಸಂಭಾಷಣೆಗಿಂತ ಆಡುವವರ ಬೆರಳುಗಳಲ್ಲೇ ನಡೆಯುತ್ತದೆ. ಹಾಗಾಗಿ ಇಬ್ಬರು ಆಟಗಾರರ ಮಾತು ತಾಳೆಯಾಗದಿದ್ದರೆ ಅವರಲ್ಲೊಬ್ಬರು ತಪ್ಪು ಎಂದು ತೀರ್ಪು ಕೊಡುವುದಕ್ಕಿಂತ, ಅವರು ಹೇಗೆ ಆಡಿದರು, ಎಲ್ಲಿ ತಡೆದು ನಿಂತರು ಎಂದು ಕೇಳಬೇಕೆಂಬುದು ನನ್ನ ನಿಲುವು.

ತಾವು ಕೈಬಿಟ್ಟ ಜಾಗವನ್ನೇ ನೋಡೋಣ. ಎರಡನೆಯ ಅಧ್ಯಾಯದಲ್ಲಿ ಮ್ಯಾಡಲೀನ್ ಒಂದು ಕನ್ನಡಿಯ ಎದುರು ಬರುತ್ತಾಳೆ. ಅವಳ ಪ್ರತಿಬಿಂಬ ಗಾಜು ಒಡೆದುಕೊಂಡು ಹೊರಬರುತ್ತದೆ. ಅದಕ್ಕೆ ನೇರಳೆ ಕೂದಲು, ಕೆಂಪು ಕಣ್ಣು. ತಾನು ಅವಳದೇ ಒಂದು ಭಾಗವೆಂದು ಹೇಳಿಕೊಂಡು, ಈ ಬೆಟ್ಟ ಹತ್ತುವುದು ನಿನ್ನಿಂದಾಗದು ಎಂದು ಹೀಗಳೆದು, ಅವಳನ್ನು ಬೆನ್ನಟ್ಟುತ್ತದೆ. ಇಲ್ಲಿ ತಾವು ಬರೆದಿರುವ ಸಾಲು ಹೀಗಿದೆ: 'ನಾನು ಎಲ್ಲಿ ನಿಂತರೂ ಅದು ಬಂದು ಹಿಡಿಯುತ್ತಿತ್ತು, ನನ್ನ ದಾರಿಯೆಲ್ಲ ಅದಕ್ಕೆ ಮೊದಲೇ ಗೊತ್ತಿದ್ದಂತಿತ್ತು.' ಇದು ಎಷ್ಟು ಸೂಕ್ಷ್ಮವಾದ ಗಮನಿಕೆ ಎಂಬುದನ್ನು ತಮಗೆ ತಿಳಿಸಬೇಕು. ಆ ನೆರಳು ತನ್ನದೇ ದಾರಿ ಹುಡುಕುವುದಿಲ್ಲ. ಆಡುವವರು ಸ್ವಲ್ಪ ಹೊತ್ತಿನ ಹಿಂದೆ ಏನೇನು ಮಾಡಿದರೋ ಅದೇ ನೆಗೆತ, ಅದೇ ತಿರುವು, ಅದೇ ತಡವರಿಕೆಯನ್ನು ಹಾಗೆ ಹಾಗೆಯೇ ಮರಳಿ ಮಾಡುತ್ತ ಹಿಂದೆ ಬರುತ್ತದೆ. ಬಂದ ದಾರಿಯಲ್ಲೇ ತಿರುಗಿದರೆ ಎದುರಿಗೆ ಅದೇ ಸಿಗುತ್ತದೆ; ಅನುಮಾನಿಸುತ್ತ ನಿಂತರೆ ಹಿಂದಿನಿಂದ ಬಂದು ಹಿಡಿಯುತ್ತದೆ. ತನ್ನ ಮನಸ್ಸಿನ ಭಯದಿಂದಲೇ ತಪ್ಪಿಸಿಕೊಳ್ಳಲು ಓಡುತ್ತಿರುವ ಹುಡುಗಿಯ ಸ್ಥಿತಿ ಇದಕ್ಕಿಂತ ಬೇರೆ ಏನು? ಒಂದು ಪುಟ ಸಂಭಾಷಣೆಯಲ್ಲಿ ಹೇಳಬಹುದಾಗಿದ್ದುದನ್ನು ಆಟ ಒಂದು ನಿಯಮದಲ್ಲಿ ಹೇಳಿದೆ, ಮತ್ತು ತಾವು ಅದನ್ನು ಓದಿದ್ದೀರಿ. ಕಥೆ ಇಲ್ಲ ಎಂದು ಬರೆದ ಪತ್ರದಲ್ಲೇ ಕಥೆಯ ತಿರುಳನ್ನು ಕಂಡು ಬರೆದಿದ್ದೀರಿ.

ಮುಂದಿನದು ತಾವು ನೋಡದೆ ಉಳಿದ ಭಾಗ. ಆರನೆಯ ಅಧ್ಯಾಯದಲ್ಲಿ, ನಿನ್ನನ್ನು ಇಲ್ಲೇ ಬಿಟ್ಟು ಹೋಗುತ್ತೇನೆ ಎಂದು ಮ್ಯಾಡಲೀನ್ ಆ ನೆರಳಿಗೆ ಹೇಳುತ್ತಾಳೆ. ಅದು ಸಿಟ್ಟಿಗೆದ್ದು ಅವಳನ್ನು ಪರ್ವತದ ಬುಡಕ್ಕೆ ಕೆಡವುತ್ತದೆ. ಅಲ್ಲಿ ಎರಡನೆಯ ಅಧ್ಯಾಯ ತಲೆಕೆಳಗಾಗುತ್ತದೆ: ಈಗ ಓಡುವುದು ನೆರಳು, ಬೆನ್ನಟ್ಟುವವಳು ಮ್ಯಾಡಲೀನ್. ಕೊನೆಗೆ ಹಿಡಿದಾಗ ಹೊಡೆದು ಮುಗಿಸುವುದಿಲ್ಲ, ಇಬ್ಬರೂ ರಾಜಿಯಾಗುತ್ತಾರೆ. ಆ ಕ್ಷಣದಿಂದ ಅವಳಿಗೆ ಗಾಳಿಯಲ್ಲಿ ಒಂದರ ಬದಲು ಎರಡು ಡ್ಯಾಶ್. ಏಳನೆಯ ಅಧ್ಯಾಯದಲ್ಲಿ ಹಿಂದಿನ ಅಧ್ಯಾಯಗಳ ಪರಿಸರಗಳೆಲ್ಲ ಒಂದರ ಮೇಲೊಂದು ಬಂದುಹೋಗುತ್ತವೆ, ಮೊದಲು ಬೆನ್ನಟ್ಟಿದ್ದ ನೆರಳೇ ಅಲ್ಲಲ್ಲಿ ಕೈಹಿಡಿದು ಅವಳನ್ನು ಮೇಲಕ್ಕೆ ಎಸೆಯುತ್ತದೆ.

ದಾವಣಗೆರೆಯ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಬರೆದ ಅಭಿಪ್ರಾಯ ತಮ್ಮನ್ನು ಕೆರಳಿಸಿತೆಂದು ಪತ್ರದಿಂದ ತಿಳಿಯುತ್ತದೆ. ಮಾತುಗಳನ್ನೆಲ್ಲ ಬಟನ್ ಒತ್ತಿ ಹಾರಿಸಿಬಿಟ್ಟೆ, ಆಟ ಮಾತ್ರ ಆಡಿದೆ, ಕಥೆ ನನಗೆ ಬೇಕಿರಲಿಲ್ಲ ಎಂದು ಅವರು ಬರೆದಿದ್ದರು. ಅದನ್ನು ಪ್ರಕಟಿಸಿದ್ದಕ್ಕೆ ನನಗಿದ್ದ ಕಾರಣ ಅದೇ ಬರಹದ ಕೊನೆಯಲ್ಲಿದೆ. ಆರನೆಯ ಅಧ್ಯಾಯ ಮುಗಿದು ಎರಡನೆಯ ಡ್ಯಾಶ್ ಸಿಕ್ಕಾಗ ಹಾಸ್ಟೆಲ್ ಕೋಣೆಯಲ್ಲಿ ಕುರ್ಚಿಯಿಂದ ಎದ್ದು ನಿಂತೆ, ಪಕ್ಕದ ಮಂಚದಲ್ಲಿ ಮಲಗಿದ್ದ ಗೆಳೆಯನನ್ನು ಎಬ್ಬಿಸಿ ತೋರಿಸಿದೆ ಎಂದೂ ಅವರೇ ಬರೆದಿದ್ದಾರೆ. ಸಂಭಾಷಣೆ ಓದದವರಿಗೂ ಆ ರಾಜಿಯ ಫಲ ಕೈಗೆ ತಲುಪಿತು. ಅವರ ಮೊದಲ ವಾಕ್ಯ ಕಥೆ ಬೇಡವೆನ್ನುತ್ತದೆ, ಕೊನೆಯ ವಾಕ್ಯ ಕಥೆ ಹೇಗೆ ತಟ್ಟಿತು ಎನ್ನುತ್ತದೆ. ಸಂಪಾದಕನಾಗಿ ನಾನು ಮೊದಲ ವಾಕ್ಯವನ್ನು ಹಿಡಿದು ತೀರ್ಪು ಕೊಟ್ಟಿದ್ದರೆ ಕೊನೆಯದು ಓದುಗರಿಗೆ ಸಿಗುತ್ತಿರಲಿಲ್ಲ.

ಇದರರ್ಥ ಸಂಭಾಷಣೆ ವ್ಯರ್ಥವೆಂದಲ್ಲ. ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ ಮ್ಯಾಡಲೀನ್ ಮತ್ತು ಅವಳ ಗೆಳೆಯ ಥಿಯೋ ಕುಳಿತ ರೋಪ್‌ವೇ ತೊಟ್ಟಿಲು ನಡುದಾರಿಯಲ್ಲಿ ನಿಂತುಬಿಡುತ್ತದೆ, ಅವಳಿಗೆ ಉಸಿರು ಕಟ್ಟಿದಂತಾಗುತ್ತದೆ. ಒಂದು ಗರಿಯನ್ನು ಕಣ್ಮುಂದೆ ತಂದುಕೋ, ಉಸಿರಾಡುತ್ತ ಅದನ್ನು ತೇಲಿಸು ಎಂದು ಥಿಯೋ ಹೇಳಿಕೊಡುತ್ತಾನೆ. ಪರದೆಯ ಮೇಲೆ ಗರಿಯೊಂದು ಮೂಡುತ್ತದೆ. ಆಡುವವರು ಬಟನ್ನನ್ನು ಒತ್ತುತ್ತ, ಬಿಡುತ್ತ ಅದು ಮೇಲೆ ಕೆಳಗೆ ಚಲಿಸುವ ಚೌಕಟ್ಟಿನೊಳಗೇ ಇರುವಂತೆ ನೋಡಿಕೊಳ್ಳಬೇಕು. ಇಲ್ಲಿ ಗೆಲ್ಲಲು ಏನಿದೆ ಎಂದು ಒಬ್ಬರು ಕೇಳಿದ್ದರು. ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬರು ಪರೀಕ್ಷೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕಣ್ಣುಮುಚ್ಚಿ ಆ ಗರಿಯನ್ನೇ ನೆನೆದುಕೊಂಡೆ ಎಂದು ಬರೆದಿದ್ದರು. ಎರಡೂ ಸತ್ಯವೇ. ಆದರೆ ಇದನ್ನು ಚಿಕಿತ್ಸೆ ಎಂದು ಯಾರೂ ತಿಳಿಯಬಾರದು. ತೀವ್ರ ಆತಂಕವಿರುವವರು ವೈದ್ಯರನ್ನೇ ಕಾಣಬೇಕು. ಆಟವೂ ಈ ವಿಷಯದಲ್ಲಿ ಪ್ರಾಮಾಣಿಕವಾಗಿದೆ. ಆರನೆಯ ಅಧ್ಯಾಯದಲ್ಲಿ ಮ್ಯಾಡಲೀನ್ ಅದೇ ಗರಿಯನ್ನು ನೆನೆಯಲು ಹೋದಾಗ ನೆರಳು ಅದನ್ನು ಕತ್ತರಿಸಿ ಹಾಕುತ್ತದೆ, ಉಪಾಯ ಫಲಿಸುವುದಿಲ್ಲ.

ಮೂರನೆಯ ಅಧ್ಯಾಯದ ಬಗ್ಗೆ ಬಂದ ದೂರುಗಳಲ್ಲಿ ಹುರುಳಿದೆ. ಪಾಳುಬಿದ್ದ ಹೋಟೆಲಿನ ಮಾಲೀಕನಿಗೆ ಸಹಾಯ ಮಾಡಲೆಂದು ಅಲ್ಲಿನ ರಾಶಿ ರಾಶಿ ಸಾಮಾನುಗಳನ್ನು ಸರಿಪಡಿಸುತ್ತ ಅಲೆಯುವ ಭಾಗ ಉದ್ದವಾಯಿತು. ಇನ್ನೊಬ್ಬರ ಸಂಕಟಕ್ಕೆ ಇಲ್ಲ ಎನ್ನಲಾಗದವಳು ಮ್ಯಾಡಲೀನ್ ಎಂದು ತೋರಿಸುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ಐದನೆಯ ಅಧ್ಯಾಯ ಅದನ್ನೇ ಎಷ್ಟೋ ಚೆನ್ನಾಗಿ ಸಾಧಿಸುತ್ತದೆ. ಅಲ್ಲಿ ಥಿಯೋ ಒಂದು ಸ್ಫಟಿಕದೊಳಗೆ ಸಿಕ್ಕಿಕೊಂಡಿರುತ್ತಾನೆ, ಅವನನ್ನು ಹೊತ್ತುಕೊಂಡೇ ಹೊರಬರಬೇಕು. ಹೊತ್ತಿರುವಾಗ ಕೈ ಖಾಲಿ ಇಲ್ಲದ ಕಾರಣ ಗೋಡೆ ಹಿಡಿಯಲಾಗದು; ಅಲ್ಲಿಯವರೆಗೆ ಕಲಿತ ವಿದ್ಯೆಯಲ್ಲಿ ಒಂದನ್ನು ಗೆಳೆಯನಿಗಾಗಿ ಬಿಟ್ಟುಕೊಡಬೇಕು.

ಆಟ ಮೋಸ ಮಾಡುತ್ತದೆ, ಅಂಚಿನಲ್ಲಿ ಕೈಕೊಡುತ್ತದೆ ಎಂದು ತಾವು ಬರೆದಿರುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಒಳಗಿನ ಲೆಕ್ಕಾಚಾರ ಆಡುವವರ ಪರವಾಗಿಯೇ ಇದೆ. ಮ್ಯಾಡಲೀನ್ ಅಂಚು ದಾಟಿ ಗಾಳಿಗೆ ಕಾಲಿಟ್ಟ ಮೇಲೂ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ನೆಗೆಯುವ ಬಟನ್ ಒತ್ತಿದರೆ ಆಟ ಅದನ್ನು ಒಪ್ಪಿಕೊಳ್ಳುತ್ತದೆ. ನೆಲ ಮುಟ್ಟುವ ಮುನ್ನವೇ ಆತುರದಿಂದ ಒತ್ತಿದ್ದರೆ ಆ ಒತ್ತನ್ನು ನೆನಪಿಟ್ಟುಕೊಂಡು, ಮುಟ್ಟಿದ ಕೂಡಲೇ ನೆಗೆಸುತ್ತದೆ. ನೆಗೆಯುವಾಗ ತಲೆ ಮೂಲೆಗೆ ತುಸು ತಗುಲಿದರೆ ಅವಳನ್ನು ಪಕ್ಕಕ್ಕೆ ಸರಿಸಿ ಮೇಲೆ ಬಿಡುತ್ತದೆ. ಇವನ್ನೆಲ್ಲ ಆಟ ಎಲ್ಲೂ ಹೇಳಿಕೊಳ್ಳುವುದಿಲ್ಲ, ತಯಾರಕರು ಆಮೇಲೆ ವಿವರಿಸಿದ್ದಾರೆ. ಸತ್ತ ಸಂಖ್ಯೆಯನ್ನು ಆಟ ಲೆಕ್ಕವಿಡುತ್ತದೆ ನಿಜ. ಆದರೆ ಅದನ್ನು ಕಂಡು ನಾಚಬೇಡ, ಹೆಚ್ಚು ಸತ್ತಷ್ಟೂ ಹೆಚ್ಚು ಕಲಿಯುತ್ತಿರುವೆ ಎಂಬ ಧೈರ್ಯದ ಮಾತನ್ನೂ ಆರಂಭದಲ್ಲೇ ಹೇಳುತ್ತದೆ. ದಾರಿಯುದ್ದಕ್ಕೂ ಇರುವ ಸ್ಟ್ರಾಬೆರಿಗಳಿಂದ ಗೆಳೆಯರ ಮೆಚ್ಚುಗೆ ಬಿಟ್ಟರೆ ಹೆಚ್ಚಿನದೇನೂ ಸಿಗದೆಂದು ತಾನೇ ಒಪ್ಪಿಕೊಳ್ಳುತ್ತದೆ.

ತಮ್ಮ ಊರಿನವರೇ ಆದ ಒಬ್ಬ ಆಟಗಾರರು ಆಟದಲ್ಲಿನ ಈ ಹತ್ತುವಿಕೆಯ ಬಗ್ಗೆ ಬರೆದ ಮಾತು ನನಗೆ ಬಹಳ ಹಿಡಿಸಿತು. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ಚಿಕ್ಕಂದಿನಿಂದ ನೋಡಿದವರು ಅವರು. ಕೈಗಿಂತ ಮೊದಲು ಕಣ್ಣು ಗೋಡೆಯನ್ನು ಹತ್ತಿರಬೇಕು, ಮುಂದಿನ ಹಿಡಿ ಎಲ್ಲಿದೆಯೆಂದು ತಿಳಿಯದೆ ಇರುವ ಹಿಡಿಯನ್ನು ಬಿಡಬಾರದು, ಈ ಆಟದಲ್ಲೂ ಹಾಗೆಯೇ ಎಂಬುದು ಅವರ ಅನುಭವ. ಪ್ರತಿ ಪರದೆಯ ಆರಂಭದಲ್ಲಿ ಸುಮ್ಮನೆ ನಿಂತು ನೋಡಲು ಆಟ ಬಹುತೇಕ ಎಲ್ಲೆಡೆ ಬಿಡುತ್ತದೆ. ಬಿಡದಿರುವ ಜಾಗಗಳಲ್ಲಿ ಒಂದು, ತಾವು ನಿಲ್ಲಿಸಿದ ಆ ಬೆನ್ನಟ್ಟುವಿಕೆ. ತಮಗೆ ಅದು ಅಸಹನೀಯವಾದದ್ದು ಸಹಜ.

ಇನ್ನು ಅಸಿಸ್ಟ್ ಮೋಡ್. ಇದು ಕದ್ದು ತಂದ ಉಪಾಯವಲ್ಲ, ತಯಾರಕರೇ ಮೆನುವಿನಲ್ಲಿ ಇಟ್ಟಿರುವ ಸೌಲಭ್ಯ. ಆಟದ ವೇಗವನ್ನು ಶೇಕಡಾ ಹತ್ತರ ಮೆಟ್ಟಿಲುಗಳಲ್ಲಿ ಅರ್ಧದವರೆಗೆ ತಗ್ಗಿಸಬಹುದು, ಗೋಡೆ ಹಿಡಿದಾಗ ದಣಿವೇ ಆಗದಂತೆ ಮಾಡಬಹುದು, ಡ್ಯಾಶ್‌ಗಳನ್ನು ಹೆಚ್ಚಿಸಿಕೊಳ್ಳಬಹುದು, ಸಾವೇ ಇಲ್ಲದಂತೆಯೂ ಮಾಡಿಕೊಳ್ಳಬಹುದು. ತಮ್ಮ ಮನಸ್ಸಿನಲ್ಲಿರುವ ಸಂಶಯ ತಯಾರಕರಿಗೂ ಇದ್ದಿತು. ಕಷ್ಟವೇ ಈ ಅನುಭವದ ಜೀವಾಳ, ಮೊದಲ ಸಲ ಇದಿಲ್ಲದೆ ಆಡಿ ಎಂಬ ಅರ್ಥದ ಸೂಚನೆಯನ್ನು ಅವರು ಆ ಮೆನುವಿನಲ್ಲಿ ಮೊದಲು ಬರೆದಿದ್ದರು. ಅಂಗವೈಕಲ್ಯವಿರುವ ಆಟಗಾರರಿಗೆ ಅದು ನೋವು ತರುವ ಮಾತೆಂದು ಮನಗಂಡು 2019ರಲ್ಲಿ ಅದನ್ನು ತಿದ್ದಿ, ಮೂಲ ರೂಪದಲ್ಲಿ ಆಡಲಾಗದವರಿಗೂ ಅದೇ ಸವಾಲು, ಅದೇ ತೃಪ್ತಿ ಈ ಮೂಲಕ ಸಿಗಲಿ ಎಂಬ ಹಾರೈಕೆಯಾಗಿ ಬದಲಿಸಿದರು.

ತಾವು ಆಕ್ಷೇಪಿಸಿದ ಅಭಿಪ್ರಾಯ ಬರೆದವರು ಬಲಗೈಯ ಎರಡು ಬೆರಳುಗಳಲ್ಲಿ ಹಿಡಿತವಿಲ್ಲದ ಮಹಿಳೆ. ವೇಗವನ್ನು ಶೇಕಡಾ 70ಕ್ಕೆ ಇಳಿಸಿಕೊಂಡು, ಬೇರೇನನ್ನೂ ಮುಟ್ಟದೆ, ಶಿಖರದವರೆಗೆ ಆಡಿದ್ದಾರೆ. ನೆರಳು ಅವರನ್ನೂ ಹಿಡಿದಿದೆ, ಅವರೂ ಪ್ರತಿ ಪರದೆಯಲ್ಲಿ ಬಿದ್ದಿದ್ದಾರೆ. ಅವರ ಮಾತನ್ನು ಬೇರೆ ತಟ್ಟೆಯಲ್ಲಿಡಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಅದೇ ಪುಟದಲ್ಲಿ ಸಾವನ್ನೇ ತೆಗೆದುಹಾಕಿ ಒಂದೇ ರಾತ್ರಿಯಲ್ಲಿ ಆಟ ಮುಗಿಸಿದ ಇನ್ನೊಬ್ಬರು, ಎಲ್ಲ ಸಪ್ಪೆಯಾಗಿತ್ತು, ಇದನ್ನೇಕೆ ಹೊಗಳುತ್ತಾರೋ ತಿಳಿಯದು ಎಂದು ಬರೆದಿದ್ದರು. ಅವರಿಗೆ ಹಾಗನ್ನಿಸಿದ್ದೂ ನಿಜ, ಏಕೆಂದರೆ ಹಿಡಿದರೂ ಏನೂ ಆಗದ ಮೇಲೆ ಬೆನ್ನಟ್ಟುವವಳಿಗೆ ಅರ್ಥ ಉಳಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ವೇಗ ತಗ್ಗಿಸಿದರೆ ಕಥೆ ಹಾಗೇ ಉಳಿಯುತ್ತದೆ, ಸಾವನ್ನು ತೆಗೆದರೆ ಕಥೆಯ ಬಹುಪಾಲು ಹೋಗುತ್ತದೆ. ಆದರೂ ಬೇರೆ ಯಾವ ಬಗೆಯಲ್ಲೂ ಆಡಲಾಗದವರಿಗೆ ಆ ಉಳಿದ ಪಾಲನ್ನೂ ನಿರಾಕರಿಸುವ ಹಕ್ಕು ನಮಗಿಲ್ಲ. ಓದುಗರಿಗೆ ತಿಳಿಯಬೇಕಾದದ್ದು, ಮಾತಾಡುತ್ತಿರುವವರು ಯಾವ ಆಟ ಆಡಿದರು ಎಂಬುದಷ್ಟೇ. ಈ ಇಬ್ಬರೂ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅಂಕ ಮಾತ್ರ ಬರೆದು ಕಳಿಸಿದ ಎಷ್ಟೋ ಮಂದಿ ಹೇಳಿಲ್ಲ, ಅವರದನ್ನು ನಾವು ಪ್ರಕಟಿಸಲೂ ಇಲ್ಲ.

ಕಷ್ಟವಿದ್ದರೆ ಮಾತ್ರ ಇಂಥ ಆಟದಲ್ಲಿ ಕಥೆ ಹುಟ್ಟುತ್ತದೆ ಎಂದು ನಾನು ಹೇಳುತ್ತಿಲ್ಲ. ಅದೇ 2018ರ ಕೊನೆಯಲ್ಲಿ ಬಾರ್ಸಿಲೋನಾದ ತಂಡವೊಂದು ತಂದ 'ಗ್ರಿಸ್' ಆಟದಲ್ಲಿ ಸಾವೇ ಇಲ್ಲ, ಮಾತೂ ಇಲ್ಲ. ಬಣ್ಣವೆಲ್ಲ ಕಳೆದುಹೋದ ಲೋಕಕ್ಕೆ ಒಂದೊಂದೇ ಬಣ್ಣ ಮರಳುವುದರಲ್ಲಿ ಒಬ್ಬ ಹುಡುಗಿಯ ಶೋಕ ಕರಗುತ್ತದೆ. ಅಲ್ಲಿ ಬೀಳುವ ಭಯವಿದ್ದಿದ್ದರೆ ಕಥೆ ಕೆಡುತ್ತಿತ್ತು.

ಕನ್ನಡದ ಪ್ರಶ್ನೆಗೆ ಬರುತ್ತೇನೆ. 'ಸೆಲೆಸ್ಟ್' ಕನ್ನಡದಲ್ಲಿಲ್ಲ. ಅದರ ಪಾತ್ರಗಳು ಯಾವ ಭಾಷೆಯ ಮಾತನ್ನೂ ಆಡುವುದಿಲ್ಲ. ಸಿಟ್ಟು, ಅಳು, ಸಮಾಧಾನಗಳ ಏರಿಳಿತವಷ್ಟೇ ಇರುವ ಗುನುಗು ಕೇಳುತ್ತದೆ, ಅರ್ಥವನ್ನು ಪರದೆಯ ಮೇಲಿನ ಇಂಗ್ಲಿಷ್ ಸಾಲುಗಳಲ್ಲಿ ಓದಿಕೊಳ್ಳಬೇಕು. ನಮ್ಮ ಕಡೆಯ ಅನೇಕ ಆಟಗಾರರು ಸಂಭಾಷಣೆಯನ್ನು ಹಾರಿಸುವುದಕ್ಕೆ ಆಸಕ್ತಿಯ ಕೊರತೆಗಿಂತ ಇದೇ ಕಾರಣವಿದ್ದೀತು. ಅಂಥವರು ಆಡಿದ್ದನ್ನು ಕನ್ನಡದಲ್ಲಿ ಬರೆಯತೊಡಗಿದರೆ ಮುಂದೆ ಕನ್ನಡದಲ್ಲಿ ಆಟ ಮಾಡುವವರಿಗೆ ಓದುಗರು ಸಿದ್ಧರಿರುತ್ತಾರೆ. ಇದು ಬರಿಯ ಹಾರೈಕೆಯಲ್ಲ. ಅಲಾಸ್ಕಾದ ಇನುಪಿಯಾಟ್ ಜನರ ಬಾಯಿಮಾತಿನ ಕಥೆಯೊಂದನ್ನು ಆಧರಿಸಿ 2014ರಲ್ಲಿ ಬಂದ 'ನೆವರ್ ಅಲೋನ್' ಎಂಬ ಪ್ಲಾಟ್‌ಫಾರ್ಮ್ ಆಟದಲ್ಲಿ ಕಥೆ ಹೇಳುವ ದನಿ ಅವರದೇ ಭಾಷೆಯದು. ಕನ್ನಡ ಆಡುವವರಿಗೆ ಹೋಲಿಸಿದರೆ ಆ ಭಾಷೆ ಬಲ್ಲವರು ಬೆರಳೆಣಿಕೆಯಷ್ಟು. ಆ ಸಮುದಾಯದ ಹಿರಿಯರು ಕುಳಿತು ಕಥೆ ತಿದ್ದಿದರು, ಜಗತ್ತು ಕೆಳಗಿನ ಅನುವಾದ ಓದಿಕೊಂಡು ಆಡಿತು.

ಮುಂದಿನ ಸಂಚಿಕೆಯಿಂದ ಪ್ರತಿ ಅಭಿಪ್ರಾಯದ ಮೇಲೆ ಎರಡು ಸಾಲು ಇರುತ್ತದೆ: ಬರೆದವರು ಎಲ್ಲಿಯವರೆಗೆ ಆಡಿದರು, ಯಾವ ಸೌಲಭ್ಯಗಳನ್ನು ಬಳಸಿದರು. ತಮ್ಮ ಪತ್ರದಲ್ಲಿ ಎರಡನೆಯ ಅಧ್ಯಾಯ ಕುರಿತ ಭಾಗವನ್ನು, ತಮ್ಮ ಒಪ್ಪಿಗೆಯಿದ್ದರೆ, ಆ ಪುಟದ ಮೊದಲ ಬರಹವಾಗಿ ಪ್ರಕಟಿಸಲು ಬಯಸುತ್ತೇನೆ. ಆಟವನ್ನು ಮುಂದುವರಿಸುವ ಮನಸ್ಸಾದರೆ ಮೊಮ್ಮಗನಿಗೆ ಹೇಳಿ ಆ ಬೆನ್ನಟ್ಟುವಿಕೆಯ ಭಾಗಕ್ಕೆ ಮಾತ್ರ ವೇಗವನ್ನು ಶೇಕಡಾ 80ಕ್ಕೆ ಇಳಿಸಿಕೊಳ್ಳಬಹುದು. ಅದು ಮುಗಿದ ಮೇಲೆ ಅದೇ ಮೆನುವಿನಲ್ಲಿ ಮೊದಲಿನಂತೆ ಮಾಡಿಕೊಳ್ಳಲು ಬರುತ್ತದೆ.

ವಿಶ್ವಾಸದಿಂದ,
ಸಂಪಾದಕ
ದಾವಣಗೆರೆ